ಕೋಲಾರದ ಶೆಡ್ಡಿನಲ್ಲಿ ಅಂಟಾರ್ಕ್ಟಿಕಾದ ಕೋಣೆ: ಜೋಡಣೆ, ಸೋರಿಕೆ, ರಿಪೇರಿ

ಕಟ್ಟಿದ್ದು ಹೊರ ಅಳತೆಯಲ್ಲಿ 2.4 × 2.4 × 2.4 ಮೀಟರ್‌ನ ಒಂದು ಉಪಕರಣ ಕೋಣೆ. ಒಳಗೆ ಇಬ್ಬರು ಕೂತು ಕೆಲಸ ಮಾಡಬಹುದು. ಅಂಟಾರ್ಕ್ಟಿಕಾದಲ್ಲಿ ಮುಖ್ಯ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಬರಿ ಬಂಡೆಯ ಮೇಲೆ ನಿಲ್ಲಿಸುವ ಪ್ರಯೋಗ ಕೋಣೆಯ ಪೂರ್ಣ ಗಾತ್ರದ ಮಾದರಿ ಇದು. ಜೋಡಣೆ ನಡೆದದ್ದು ಕೋಲಾರದ ಹೊರವಲಯದ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ, ಚಳಿ ಪರೀಕ್ಷೆ ಮೈನಸ್ 20 ಡಿಗ್ರಿಯ ಫ್ರೋಜನ್ ಗೋದಾಮಿನಲ್ಲಿ.

ಕೋಲಾರ, ಚಿಂತಾಮಣಿ ಕಡೆ ತರಕಾರಿಗೆ ಕೋಲ್ಡ್ ಸ್ಟೋರೇಜ್ ಕಟ್ಟುವವರಿಗೆ ಈ ಕೆಲಸದ ಅರ್ಧ ಭಾಗ ಆಗಲೇ ಗೊತ್ತು. ಎರಡು ತಗಡಿನ ನಡುವೆ ಪಾಲಿಯುರೆಥೇನ್ ನೊರೆ ತುಂಬಿದ ಪಫ್ ಪ್ಯಾನೆಲ್, ಅಂಚಿನಲ್ಲಿ ಕ್ಯಾಮ್ ಲಾಕ್ (ಕೀ ತಿರುಗಿಸಿದರೆ ಪಕ್ಕದ ಪ್ಯಾನೆಲನ್ನು ಎಳೆದು ಬಿಗಿಯುವ ಕೊಕ್ಕೆ), ಸಂದಿಗೆ ಸೀಲೆಂಟ್, ಎಲ್ಲವೂ ಅದೇ. ಟೊಮೆಟೊ ಇಡುವ ಕೊಠಡಿ 10ರಿಂದ 13 ಡಿಗ್ರಿಯಲ್ಲಿರುತ್ತದೆ, ಆದ್ದರಿಂದ ಅಲ್ಲಿ ಸಣ್ಣ ತಪ್ಪು ಕರೆಂಟ್ ಬಿಲ್ಲಿನಲ್ಲಿ ಕರಗಿ ಹೋಗುತ್ತದೆ. ಧ್ರುವದಲ್ಲಿ ಅದೇ ತಪ್ಪು ಗೋಡೆಯೊಳಗೆ ಮಂಜುಗಡ್ಡೆಯಾಗಿ ಕೂರುತ್ತದೆ.

ಗೋಡೆ ಅದೇ, ತೇವದ ದಿಕ್ಕು ಬೇರೆ

ನೀರಾವಿ ಸಾಮಾನ್ಯವಾಗಿ ಬೆಚ್ಚಗಿನ ಕಡೆಯಿಂದ ತಣ್ಣನೆಯ ಕಡೆಗೆ ನುಗ್ಗುತ್ತದೆ. 28 ಡಿಗ್ರಿ, ಶೇ 60 ತೇವ ಇರುವ ದಿನ ನಮ್ಮ ಹೊರಗಿನ ಗಾಳಿಯಲ್ಲಿ ಆವಿಯ ಒತ್ತಡ ಸುಮಾರು 2270 ಪಾಸ್ಕಲ್. ಮೈನಸ್ 20ರ ಕೊಠಡಿಯೊಳಗೆ ಅದು ಹೆಚ್ಚೆಂದರೆ 103. ಹಾಗಾಗಿ ಇಲ್ಲಿಯ ಫಿಟ್ಟರ್‌ಗಳು ಸೀಲೆಂಟನ್ನು ಹೊರಗಿನ ಸಂದಿಗೆ ಗಮನವಿಟ್ಟು ಹಚ್ಚುತ್ತಾರೆ, ಒಳಗೆ ನೋಟಕ್ಕಷ್ಟೇ ಒಂದು ಗೆರೆ ಎಳೆಯುತ್ತಾರೆ. ಅವರ ಕೆಲಸಕ್ಕೆ ಅದು ಸರಿ.

ಧ್ರುವದ ಕೋಣೆಯಲ್ಲಿ ಒಳಗೆ 20 ಡಿಗ್ರಿ, ಶೇ 40 ತೇವ. ಒತ್ತಡ ಸುಮಾರು 935 ಪಾಸ್ಕಲ್. ಹೊರಗೆ ಮೈನಸ್ 20. ಆವಿ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಒಳ ಸಂದಿ ಸೋರಿ, ಹೊರ ಸಂದಿ ಬಿಗಿಯಾಗಿದ್ದರೆ ಅದಕ್ಕಿಂತ ಕೆಟ್ಟ ಜೋಡಣೆ ಇಲ್ಲ. ಆವಿ ಪ್ಯಾನೆಲ್ ನಡುವೆ ಸೇರಿ, ಹೊರ ತಗಡಿನ ಹಿಂಬದಿ ಹೆಪ್ಪುಗಟ್ಟಿ, ಅಲ್ಲೇ ಬೆಳೆಯುತ್ತಾ ಸಂದಿಯನ್ನು ಸೀಳುತ್ತದೆ. ಅದಕ್ಕೆ ಮೊದಲ ದಿನವೇ ಶೆಡ್ಡಿನ ಗೋಡೆಯ ಮೇಲೆ ಬರೆದು ಹಾಕಿದ ನಿಯಮ: ಬ್ಯೂಟೈಲ್ ಟೇಪ್ (ಆವಿ ತಡೆಯುವ ಅಂಟು ರಬ್ಬರ್ ಪಟ್ಟಿ) ಒಳಗೆ, ಅಖಂಡವಾಗಿ, ಹೊರಗೆ ಗಾಳಿ, ಹಿಮ ತಡೆಯುವ ಪಟ್ಟಿ ಮಾತ್ರ, ತೇವ ಹೊರಬೀಳಲು ಬಿಡುವಿರಬೇಕು. ಅನುಭವಿ ಫಿಟ್ಟರ್‌ನ ಕೈ ಅಭ್ಯಾಸದಿಂದ ಹೊರಗಡೆಗೇ ಹೋಗುತ್ತದೆ. ಎರಡು ಸಂದಿಗಳನ್ನು ಬಿಚ್ಚಿ ಮತ್ತೆ ಮಾಡಬೇಕಾಯಿತು.

ಕಾಲುಗಳು

ಭಾರತದ ಮೊದಲ ನಿಲ್ದಾಣ ದಕ್ಷಿಣ ಗಂಗೋತ್ರಿಯನ್ನು 1983–84ರಲ್ಲಿ ತೇಲುವ ಹಿಮಹಾಸಿನ ಮೇಲೆ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಹಿಮದಡಿ ಹೂತುಹೋಯಿತು. 1989ರ ಮೈತ್ರಿಯನ್ನು ಶಿರ್ಮಾಕರ್ ಓಯಸಿಸ್‌ನ ಬಂಡೆ ನೆಲದಲ್ಲಿ ಕಟ್ಟಿದರು. 2012ರಲ್ಲಿ ಲಾರ್ಸ್‌ಮನ್ ಬೆಟ್ಟಗಳಲ್ಲಿ ಶುರುವಾದ ಭಾರತಿಯಲ್ಲಿ 134 ಶಿಪ್ಪಿಂಗ್ ಕಂಟೇನರ್‌ಗಳನ್ನು ಜೋಡಿಸಿ, ಸುತ್ತ ಶಾಖ ತಡೆಯುವ ಕವಚ ಹೊದಿಸಿ, ಇಡೀ ಕಟ್ಟಡವನ್ನು ಕಂಬಗಳ ಮೇಲೆ ಎತ್ತಿದ್ದಾರೆ. ಕೆಳಗೆ ಗಾಳಿ ರಭಸವಾಗಿ ಹಾಯ್ದರೆ ಹಿಮ ನಿಲ್ಲದೆ ಗುಡಿಸಿಕೊಂಡು ಹೋಗುತ್ತದೆ. ಹಿಮಹಾಸಿನ ಮೇಲೆಯೇ ಇರಬೇಕಾದವರು ಬೇರೆ ದಾರಿ ಹಿಡಿದರು: ಜರ್ಮನಿಯ ನ್ಯೂಮಾಯರ್-3 ತನ್ನ 16 ಹೈಡ್ರಾಲಿಕ್ ಕಾಲುಗಳ ಮೇಲೆ ತನ್ನನ್ನೇ ಎತ್ತಿಕೊಳ್ಳುತ್ತದೆ, ಬ್ರಿಟನ್ನಿನ ಹ್ಯಾಲಿ-6ರ ಕಾಲುಗಳ ತುದಿಯಲ್ಲಿ ಹಿಮದ ಮೇಲೆ ಜಾರುವ ಸ್ಕೀಗಳಿವೆ. ಹಿಮಹಾಸಿನಲ್ಲಿ ಬಿರುಕು ಹತ್ತಿರ ಬಂದಾಗ ಹ್ಯಾಲಿಯನ್ನು 2016–17ರಲ್ಲಿ 23 ಕಿ.ಮೀ. ಎಳೆದುಕೊಂಡು ಹೋಗಲು ಆದದ್ದು ಅದರಿಂದಲೇ.

ನಮ್ಮದು ಬಂಡೆಯ ಮೇಲಿನ ಕೋಣೆ. ನಾಲ್ಕು ಕಾಲು, 100 × 100 × 6 ಮಿ.ಮೀ. ಚೌಕ ಪೈಪು, 1.2 ಮೀಟರ್ ಎತ್ತರ, ಬುಡದಲ್ಲಿ 300 × 300 × 16 ಮಿ.ಮೀ. ಪ್ಲೇಟು, ಮಟ್ಟ ಹೊಂದಿಸಲು ತುದಿಯಲ್ಲಿ ಎಂ-30 (30 ಮಿ.ಮೀ. ದಪ್ಪದ) ಸ್ಕ್ರೂ. ಕಬ್ಬಿಣದಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ, ಉಕ್ಕಿನ ಭಾರತೀಯ ಮಾನದಂಡ ಐಎಸ್ 2062ರ ಇ-250 ‘ಎ’ ದರ್ಜೆಗೆ ಪೆಟ್ಟಿನ ಪರೀಕ್ಷೆಯ ಕಡ್ಡಾಯವಿಲ್ಲ. ಚಳಿಯಲ್ಲಿ ಇಂಥ ಉಕ್ಕು ಬಾಗುವ ಬದಲು ಗಾಜಿನ ಹಾಗೆ ಸಿಡಿಯಬಹುದು. ‘ಸಿ’ ದರ್ಜೆಯನ್ನು ಮೈನಸ್ 20ರಲ್ಲಿ ಪರೀಕ್ಷಿಸಿರುತ್ತಾರೆ. ಪ್ಲೇಟುಗಳಿಗೆ ಅದನ್ನೇ, ಟೆಸ್ಟ್ ಸರ್ಟಿಫಿಕೇಟ್ ಜೊತೆಗೇ ತರಿಸಿದ್ದು. ಪೈಪಿಗೂ ಅದೇ ಗುಣದ ಪುರಾವೆ ಕೇಳಬೇಕು. ಮೈನಸ್ 40ಕ್ಕೆ ಇಳಿಯುವ ಜಾಗಕ್ಕೆ ‘ಸಿ’ ಕೂಡ ಸಾಲದು. ಮುಚ್ಚಿದ ಪೈಪಿನ ಬುಡದಲ್ಲಿ 8 ಮಿ.ಮೀ. ತೂತು ಬೇಕೇ ಬೇಕು. ಒಳಗೆ ಸೇರಿದ ನೀರು ಹೆಪ್ಪುಗಟ್ಟಿದರೆ ಪೈಪು ಉದ್ದಕ್ಕೆ ಸೀಳುತ್ತದೆ.

ಗಾಳಿಯ ಲೆಕ್ಕ ನೋಡಿದರೆ ಬುಡದ ಬೋಲ್ಟುಗಳ ಬೆಲೆ ತಿಳಿಯುತ್ತದೆ. ಮೈನಸ್ 20ರಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.39 ಕೆ.ಜಿ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಒತ್ತಡ ಚದರ ಮೀಟರಿಗೆ 1740 ನ್ಯೂಟನ್. ನಮ್ಮ ಒಂದು ಗೋಡೆ 5.76 ಚ.ಮೀ., ಆಕಾರದ ಗುಣಕ 1.3 ಹಿಡಿದರೆ 13 ಕಿಲೋನ್ಯೂಟನ್, ಅಂದರೆ 1.3 ಟನ್ ತಳ್ಳು. ಅದು ಬೀಳುವುದು ನೆಲದಿಂದ 2.4 ಮೀಟರ್ ಎತ್ತರದಲ್ಲಿ. ಕೋಣೆಯ ತೂಕ ಎಲ್ಲ ಸೇರಿ 900 ಕೆ.ಜಿ. ಆಸುಪಾಸು. ಉರುಳಿಸುವ ತಿರುಗುಬಲ 31 ಕಿಲೋನ್ಯೂಟನ್-ಮೀಟರ್, ತೂಕ ತಡೆಯುವುದು 10.6 ಮಾತ್ರ. ಉಳಿದದ್ದನ್ನು ಗಾಳಿ ಬೀಸುವ ಕಡೆಯ ಎರಡು ಕಾಲುಗಳೇ ಹಿಡಿಯಬೇಕು: ಒಂದೊಂದಕ್ಕೆ 4.3 ಕಿಲೋನ್ಯೂಟನ್ ಮೇಲ್ಸೆಳೆತ. ಸುರಕ್ಷೆಗೆ ಎರಡು ಪಟ್ಟು ಹಿಡಿದು, ಛಾವಣಿಯ ಮೇಲಿನ ಎಳೆತವನ್ನೂ ಸೇರಿಸಿ, ಒಂದು ಕಾಲಿಗೆ ಎರಡು ಎಂ-20 ಆಂಕರ್ (ಬಂಡೆಯೊಳಗೆ ಕೂರಿಸುವ ಬೋಲ್ಟು) ಹಾಕಿ, ಒಂದೊಂದನ್ನೂ 20 ಕಿಲೋನ್ಯೂಟನ್‌ವರೆಗೆ ಎಳೆದು ನೋಡಿದ್ದು.

ಲಾರ್ಸ್‌ಮನ್ ಬೆಟ್ಟಗಳದ್ದು ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಬಂಡೆ, ಕೋಲಾರ ಸೀಮೆಯದೂ ಗ್ರಾನೈಟ್ ಮತ್ತು ನೈಸ್. ಆಂಕರ್ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ, ಬಂಡೆಯ ಎಳೆ ನೋಡಿ ಕುಳಿಯ ಜಾಗ ಹೇಳಬಲ್ಲ ಕಲ್ಲು ಕೆಲಸದವರೂ ಇಲ್ಲಿದ್ದಾರೆ. ಕುಳಿ 200 ಮಿ.ಮೀ. ಆಳ. ಇಲ್ಲಿ ನೀರು ಬಿಟ್ಟುಕೊಂಡು ಕೊರೆಯುವುದು ರೂಢಿ. ಅಲ್ಲಿ ಆ ನೀರು ಕುಳಿಯೊಳಗೇ ಹೆಪ್ಪುಗಟ್ಟಿ ಬಿಟ್ ಕಚ್ಚಿಕೊಳ್ಳುತ್ತದೆ. ಒಣಗಿದ್ದಂತೆಯೇ ಕೊರೆದು, ಬ್ರಷ್ ಹಾಕಿ, ಗಾಳಿ ಊದಿ ಪುಡಿ ತೆಗೆಯಬೇಕು. ಪುಡಿ ಉಳಿದ ಒಂದು ಕುಳಿಯಲ್ಲಿ ರೆಸಿನ್ ಕಲ್ಲಿಗೆ ಅಂಟದೆ ಪುಡಿಗೆ ಅಂಟಿತ್ತು, ಎಳೆದಾಗ ಆಂಕರ್ ಪೂರ್ತಿ ಕೋಟಿನ ಸಮೇತ ಈಚೆ ಬಂತು. ಸಾಮಾನ್ಯ ಸಿಮೆಂಟ್ ಗ್ರೌಟ್ ಅಲ್ಲಿ ನಡೆಯದು, ಗಟ್ಟಿಯಾಗುವ ಮೊದಲೇ ಅದರ ನೀರು ಮಂಜುಗಡ್ಡೆಯಾಗುತ್ತದೆ. ಕಡಿಮೆ ಉಷ್ಣಾಂಶದಲ್ಲೂ ಗಟ್ಟಿಯಾಗುವ ರೆಸಿನ್ ಅಥವಾ ಹಿಗ್ಗಿ ಕಚ್ಚುವ ಲೋಹದ ಆಂಕರ್ ಬೇಕು.

ಪೆಟ್ಟಿಗೆ

ಪ್ಯಾನೆಲ್ 150 ಮಿ.ಮೀ. ದಪ್ಪ, ನೊರೆಯ ಸಾಂದ್ರತೆ ಘನ ಮೀಟರಿಗೆ 40 ಕೆ.ಜಿ., ಎರಡೂ ಕಡೆ 0.5 ಮಿ.ಮೀ. ಬಣ್ಣದ ತಗಡು. 1.2 × 2.4 ಮೀಟರ್‌ನ ಒಂದು ಹಲಗೆ 40 ಕೆ.ಜಿ. ಇಬ್ಬರು ಹೊರಬಹುದು. ಗಾಳಿಯಲ್ಲಿ ಇದು ಹಾಯಿಪಟವೇ ಆಗುವುದರಿಂದ ಅಲ್ಲಿ ನಾಲ್ವರು ಮತ್ತು ಹಗ್ಗ ಬೇಕು. ನೆಲಕ್ಕೆ 2, ಛಾವಣಿಗೆ 2, ಗೋಡೆಗೆ 8. ಗೋಡೆಗಳು ನೆಲದ ಪ್ಯಾನೆಲ್ ಮೇಲೆ ಕೂತು, ಛಾವಣಿ ಗೋಡೆಗಳ ಮೇಲೆ ಕೂರುತ್ತದೆ. ಈ ಕೂರುವ ಜಾಗದ ಮಾತು ಮುಂದೆ ಬರುತ್ತದೆ.

ನೊರೆಯ ಮೇಲೆ ನೇರ ಭಾರ ಹಾಕಬಾರದು. ಈ ಸಾಂದ್ರತೆಯ ನೊರೆ ತಡೆಯುವುದು ಸುಮಾರು 150ರಿಂದ 200 ಕಿಲೋಪಾಸ್ಕಲ್. 50 × 50 ಮಿ.ಮೀ. ಪಾದದ ರ‍್ಯಾಕ್ ಕಾಲು 40–50 ಕೆ.ಜಿ. ದಾಟಿದರೆ ತಗಡು ತಗ್ಗುತ್ತದೆ. ಅದಕ್ಕೆ ನೆಲದ ಮೇಲೆ 19 ಮಿ.ಮೀ. ಮೆರೈನ್ ಪ್ಲೈವುಡ್.

ಗೋಡೆ ಮೂಲಕ ಹೋಗುವ ಶಾಖದ ಲೆಕ್ಕ ಸುಲಭ. ನೊರೆಯ ವಾಹಕತೆ 0.023, ದಪ್ಪ 0.15 ಮೀಟರ್, ಮೇಲ್ಮೈಗಳ ಗಾಳಿಯ ಪದರವನ್ನೂ ಸೇರಿಸಿದರೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 0.15 ವ್ಯಾಟ್. ಸರಾಸರಿ ಮೇಲ್ಮೈ 30.4 ಚ.ಮೀ., ವ್ಯತ್ಯಾಸ 40 ಡಿಗ್ರಿ. ಒಟ್ಟು 182 ವ್ಯಾಟ್. ಒಳಗೆ ಕೂತ ಇಬ್ಬರ ಮೈಕಾವೇ 200 ವ್ಯಾಟ್ ಹತ್ತಿರ ಬರುತ್ತದೆ. ಕಾಗದದ ಮೇಲೆ ಈ ಕೋಣೆಗೆ ಹೀಟರೇ ಬೇಡ.

ಗೋದಾಮಿನಲ್ಲಿ ಮೊದಲ ಪರೀಕ್ಷೆ

ಎತ್ತರ ಸಾಲದ್ದರಿಂದ 300 ಮಿ.ಮೀ. ಗಿಡ್ಡ ಕಾಲಿನ ಮೇಲೆ ಕೂರಿಸಿ, 48 ಗಂಟೆ ತಣಿಯಲು ಬಿಟ್ಟು, ಆಮೇಲೆ ಒಳಗೆ ಥರ್ಮೋಸ್ಟಾಟ್ ಇರುವ ಹೀಟರ್ ಹಾಕಿ 20 ಡಿಗ್ರಿಗೆ ನಿಲ್ಲಿಸಿ, ಎನರ್ಜಿ ಮೀಟರಿನಲ್ಲಿ 24 ಗಂಟೆ ಅಳೆದದ್ದು. ಗಾಳಿಯ ಕಿಂಡಿಗಳೆಲ್ಲ ಮುಚ್ಚಿದ್ದವು. ತೇವ ಶೇ 40ಕ್ಕೆ ಇರಲಿ ಎಂದು ಒದ್ದೆ ಬಟ್ಟೆ ನೇತುಹಾಕಿ, ಫ್ಯಾನ್ ಬಿಟ್ಟಿತ್ತು.

ಮೀಟರ್ ತೋರಿಸಿದ್ದು 7.9 ಯೂನಿಟ್. ಸರಾಸರಿ 329 ವ್ಯಾಟ್. ಲೆಕ್ಕಕ್ಕಿಂತ ಶೇ 80 ಹೆಚ್ಚು.

ಎಲ್ಲಿ ಹೋಗುತ್ತಿದೆ ಎಂದು ಹುಡುಕಲು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುವ ಮೊದಲು ಒಂದು ಎಚ್ಚರ: ಹೊಳೆಯುವ ಲೋಹದ ಮೇಲೆ ಅದು ಸುಳ್ಳು ಓದುತ್ತದೆ. ಅಳೆಯುವ ಪ್ರತಿ ಜಾಗಕ್ಕೂ ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿ, ಅದು ತಣಿದ ಮೇಲೆ ಓದಬೇಕು. ಪ್ಯಾನೆಲ್ ನಡುವೆ 19 ಡಿಗ್ರಿ ಇತ್ತು. ಛಾವಣಿಯ ಮೂಲೆಯಲ್ಲಿ 4. ಆ ಗಾಳಿಯ ಇಬ್ಬನಿ ಬಿಂದು (ಆವಿ ನೀರಾಗತೊಡಗುವ ಉಷ್ಣಾಂಶ) 6 ಡಿಗ್ರಿ, ಆದ್ದರಿಂದ ಮೂಲೆಯುದ್ದಕ್ಕೂ ನೀರು ಜಿನುಗುತ್ತಿತ್ತು. ಬೋಲ್ಟ್ ತಲೆಗಳ ಮೇಲೆ ಬೆಳ್ಳಗೆ ಮಂಜು.

ಬೋಲ್ಟ್: ಕೆಳಗಿನ ಚೌಕಟ್ಟಿಗೆ, ಛಾವಣಿಯ ಕಟ್ಟಿಗೆ ಎಂದು ಪ್ಯಾನೆಲನ್ನು ಈಚೆಯಿಂದ ಆಚೆಗೆ ತೂರಿ 32 ಎಂ-12 ಬೋಲ್ಟ್ ಹಾಕಿತ್ತು. ಉಕ್ಕಿನ ವಾಹಕತೆ 50. ನೊರೆಗಿಂತ ಎರಡು ಸಾವಿರ ಪಟ್ಟು. ಒಂದು ಬೋಲ್ಟ್ 40 ಡಿಗ್ರಿಗೆ 1.5 ವ್ಯಾಟ್ ಸಾಗಿಸುತ್ತದೆ, ಅಂದರೆ ಕಾಲು ಚದರ ಮೀಟರ್ ಪ್ಯಾನೆಲ್ ಸಾಗಿಸುವಷ್ಟು. 32ಕ್ಕೆ 48 ವ್ಯಾಟ್.

ಮೂಲೆ: ಛಾವಣಿಯ ಒಳ ತಗಡು ಗೋಡೆಯ ತಲೆಯ ಮೇಲೆ ಹಾಯ್ದು ಹೊರ ಅಂಚಿನವರೆಗೂ ಒಂದೇ ತುಂಡಾಗಿ ಹೋಗಿತ್ತು. ಅರ್ಧ ಮಿಲಿಮೀಟರ್ ತಗಡು ಏನು ಮಾಡೀತು ಎನಿಸುತ್ತದೆ. ಸುತ್ತಳತೆ 8.4 ಮೀಟರ್ ಇರುವಾಗ ಅದು ಹೆಚ್ಚೆಂದರೆ 56 ವ್ಯಾಟ್ ಎಳೆಯಬಲ್ಲದು. ನೆಲದ ಕಡೆಯೂ ಅದೇ, ಇನ್ನೊಂದು 56. ಬಾಗಿಲಿನ ಚೌಕಟ್ಟಿಗೆ ಸುತ್ತಿದ ಒಂದೇ ತಗಡು 36. ಎಲ್ಲ ಕೂಡಿದರೆ 378 ಆಗುತ್ತದೆ. ತಗಡು ತಗಡಿಗೆ ಎಲ್ಲ ಕಡೆ ಸರಿಯಾಗಿ ತಾಗಿರುವುದಿಲ್ಲ, ಹಾಗಾಗಿ 329ಕ್ಕೆ ನಿಂತಿದೆ.

ರಿಪೇರಿ

ಛಾವಣಿ ಇಳಿಸಿ, ಒಳ ತಗಡಿನಲ್ಲಿ, ಗೋಡೆಯ ದಪ್ಪದ ನಡುವೆ ಬರುವ ಗೆರೆಯಲ್ಲಿ ಸುತ್ತಲೂ 20 ಮಿ.ಮೀ. ಪಟ್ಟಿ ಕತ್ತರಿಸಿ ತೆಗೆದದ್ದು. ನೆಲಕ್ಕೂ ಹಾಗೆಯೇ. ಈ ಕೆಲಸಕ್ಕೆ ಆಂಗಲ್ ಗ್ರೈಂಡರ್ ಮುಟ್ಟಬೇಡಿ. ಕಿಡಿ ನೊರೆಗೆ ತಾಗಿ ಒಳಗೊಳಗೇ ಕನಲುತ್ತದೆ, ಹೊಗೆ ವಿಷ. ತಗಡು ಕತ್ತರಿ ಅಥವಾ ನಿಬ್ಲರ್ (ತಗಡನ್ನು ಚೂರುಚೂರಾಗಿ ಕಚ್ಚಿ ಕತ್ತರಿಸುವ ಉಪಕರಣ) ಸಾಕು, ನಿಧಾನವಾದರೂ ಸರಿ. ಬಯಲಾದ ನೊರೆಯ ಮೇಲೆ ಬ್ಯೂಟೈಲ್ ಟೇಪ್, ಒಳ ಮೂಲೆಗೆ ಎಲ್ ಪಟ್ಟಿ ರಿವೆಟ್. ಎಲ್ ಪಟ್ಟಿ ಎರಡು ಬೆಚ್ಚನೆಯ ತಗಡುಗಳನ್ನೇ ಸೇರಿಸುವುದರಿಂದ ಅಪಾಯವಿಲ್ಲ.

ಬೋಲ್ಟುಗಳಲ್ಲಿ 24ನ್ನು ತೆಗೆದೇ ಬಿಟ್ಟು, ಹೊರಗಿನಿಂದ ಚೌಕಟ್ಟಿಗೆ ಪಟ್ಟಿ ಸುತ್ತಿ ಪೆಟ್ಟಿಗೆಯನ್ನು ಅಪ್ಪಿ ಹಿಡಿಯುವ ಹಾಗೆ ಮಾಡಿದೆ. ಉಳಿದ 8 ಸ್ಟೇನ್‌ಲೆಸ್ 304. ಅದರ ವಾಹಕತೆ 16, ಒಂದಕ್ಕೆ ಅರ್ಧ ವ್ಯಾಟ್. ಬಾಗಿಲ ಚೌಕಟ್ಟಿನ ತಗಡನ್ನು ನಡುವೆ ಕತ್ತರಿಸಿ ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಪಟ್ಟಿ ಸೇರಿಸಿದ್ದು. ಮತ್ತೆ 24 ಗಂಟೆ: 5.2 ಯೂನಿಟ್, 217 ವ್ಯಾಟ್. ಮೂಲೆ ಒಣಗಿತ್ತು. ಉಳಿದ ಸುಮಾರು 30 ವ್ಯಾಟ್ ಹೆಚ್ಚುವರಿ ಬಹುಪಾಲು ಬಾಗಿಲಿನದು.

ಪ್ಯಾನೆಲ್ ದಪ್ಪವನ್ನು 150ರಿಂದ 200ಕ್ಕೆ ಏರಿಸಿ ಎಂಬ ಸಲಹೆ ಮೊದಲ ಪರೀಕ್ಷೆಯ ನಂತರ ಬಂದಿತ್ತು. ಅದರಿಂದ ಗೋಡೆಯ ನಷ್ಟ ಸುಮಾರು 45 ವ್ಯಾಟ್‌ನಷ್ಟು ಕಡಿಮೆಯಾಗುತ್ತಿತ್ತು, ಹಡಗಿನ ತೂಕ, ಜಾಗ ಏರುತ್ತಿತ್ತು, ಮೂಲೆ ಮಾತ್ರ ಹಾಗೇ ಒಸರುತ್ತಿತ್ತು. ಒಂದು ತಗಡು ಕತ್ತರಿ, ನಾಲ್ಕು ಸುರುಳಿ ಟೇಪ್, 110 ವ್ಯಾಟ್ ಉಳಿಕೆ.

ಬಾಗಿಲು

ಕೋಲ್ಡ್ ಸ್ಟೋರೇಜ್ ಬಾಗಿಲನ್ನೇ ತಂದು ಹಾಕಲಾಗದು. ಅದು ಹೊರಕ್ಕೆ ತೆರೆಯುತ್ತದೆ. ಹೊರಗೆ ಹಿಮ ರಾಶಿ ಬಿದ್ದರೆ ಒಳಗಿದ್ದವರು ಸಿಕ್ಕಿಕೊಂಡಂತೆ. ಇಲ್ಲಿ ಒಳಕ್ಕೆ ತೆರೆಯುವ 0.8 × 1.9 ಮೀಟರ್ ಬಾಗಿಲು, ಛಾವಣಿಯಲ್ಲಿ 600 ಮಿ.ಮೀ. ಚೌಕದ ತುರ್ತು ಕಿಂಡಿ. ಗ್ಯಾಸ್ಕೆಟ್ ಎರಡು ಸುತ್ತು. ಒಳಗಿನದು ಸಿಲಿಕೋನ್, ಅದೇ ನಿಜವಾದ ಸೀಲ್. ಹೊರಗಿನ ಇಪಿಡಿಎಂ ರಬ್ಬರ್ ಗಾಳಿಗೆ ಅಡ್ಡ. ಬೆಚ್ಚನೆಯ ತೇವ ಹೊರ ಗ್ಯಾಸ್ಕೆಟ್‌ವರೆಗೆ ಹೋಗದಿದ್ದರೆ ಅದು ಚೌಕಟ್ಟಿಗೆ ಹೆಪ್ಪುಗಟ್ಟಿ ಅಂಟುವುದಿಲ್ಲ. ಫ್ರೀಜರ್ ಬಾಗಿಲಿಗೆ ಹಾಕುವ ಹೀಟರ್ ತಂತಿ ಮೀಟರಿಗೆ 15 ವ್ಯಾಟ್ ಎಂದರೂ 5.4 ಮೀಟರ್ ಸುತ್ತಿಗೆ 81 ವ್ಯಾಟ್. ಅಷ್ಟು ಡೀಸೆಲ್ಲನ್ನು ಹಡಗಿನಲ್ಲಿ ಹೊತ್ತು ತರಬೇಕು.

ಇನ್ನೊಂದು ವಿಷಯ ಪರೀಕ್ಷೆಯಲ್ಲೇ ಗೊತ್ತಾಯಿತು. ಬಾಗಿಲು ತೆರೆದಾಗ ಒಳನುಗ್ಗಿದ ತಣ್ಣನೆ ಗಾಳಿ, ಮುಚ್ಚಿದ ಮೇಲೆ ಕಾದು ಹಿಗ್ಗುತ್ತದೆ. ಮೈನಸ್ 20ರಿಂದ 20ಕ್ಕೆ ಹಿಗ್ಗು ಶೇ 16. ದಾರಿ ಇಲ್ಲದಿದ್ದರೆ ಅದು ತೇವವನ್ನು ಹೊತ್ತು ಸಂದಿಗಳಿಗೇ ನುಗ್ಗುತ್ತದೆ. ಗೋಡೆಯ ಮೇಲ್ಭಾಗದಲ್ಲಿ 50 ಮಿ.ಮೀ. ಒತ್ತಡ ಬಿಡುವ ಕಿಂಡಿ, ಅದಕ್ಕೊಂದು ರೆಕ್ಕೆ.

ಉಸಿರು

ಸೋರಿಕೆ ನಿಂತ ಕೋಣೆಯಲ್ಲಿ ಕೂರುವುದು ಅಪಾಯ. ಒಳಗಿನ ಗಾಳಿ 9.26 ಘನ ಮೀಟರ್. ಹಗುರ ಕೆಲಸದಲ್ಲಿರುವ ಒಬ್ಬರು ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ಇಬ್ಬರಿಗೆ 40. ಗಂಟೆಗೆ ಶೇ 0.43 ಏರಿಕೆ. ಹೊರಗಿನ ಮಟ್ಟಕ್ಕಿಂತ ಶೇ 0.1 ಮಾತ್ರ ಹೆಚ್ಚಿರಬೇಕಾದರೆ ಗಂಟೆಗೆ 40 ಘನ ಮೀಟರ್ ಹೊಸ ಗಾಳಿ ಬೇಕು. ಅದನ್ನು 40 ಡಿಗ್ರಿ ಕಾಯಿಸಲು ಸುಮಾರು 550 ವ್ಯಾಟ್: ಇಡೀ ಗೋಡೆ, ನೆಲ, ಛಾವಣಿಯ ನಷ್ಟದ ಮೂರು ಪಟ್ಟು. ಮೂಲೆಯ ತಗಡಿಗಾಗಿ ಅಷ್ಟು ಒದ್ದಾಡಿದ ಮೇಲೆ ಈ ಅಂಕಿ ಎದುರು ಕೂತಾಗಲೇ ಧ್ರುವದ ಕಟ್ಟಡದ ನಿಜವಾದ ಖರ್ಚು ಎಲ್ಲಿದೆ ಎಂದು ಕಾಣುವುದು.

ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ಕೊಡಬೇಕು. ಎದುರುಬದುರು ಹಾಯುವ ತೆಳು ತಗಡಿನ ವಿನಿಮಯಕ ಹಾಕಿದರೆ, ಹೊರಹೋಗುವ ಗಾಳಿಯ ತೇವ ಅದರ ತಣ್ಣನೆಯ ತುದಿಯಲ್ಲಿ ಮಂಜುಗಟ್ಟಿ ದಾರಿ ಮುಚ್ಚುತ್ತದೆ. ಇಬ್ಬರು ಎಂಟು ಗಂಟೆಯಲ್ಲಿ ಸುಮಾರು 800 ಗ್ರಾಂ ನೀರಾವಿ ಬಿಡುತ್ತಾರೆ, ಮಂಜಿಗೆ ಬೇಕಾದಷ್ಟು ಸಾಮಾನು. ಅದಕ್ಕೆ ದಿಕ್ಕು ಬದಲಿಸುವ ಜೋಡಿ ಪೈಪು: 160 ಮಿ.ಮೀ. ಎಚ್‌ಡಿಪಿಇ ಪೈಪು ಎರಡು, ಒಳಗೆ ಜೇನುಗೂಡಿನಂಥ ಸೆರಾಮಿಕ್ ಬಿಲ್ಲೆ, ತುದಿಗೆ ಫ್ಯಾನ್. ಒಂದು ಹೊರದಬ್ಬುವಾಗ ಇನ್ನೊಂದು ಒಳಗೆಳೆಯುತ್ತದೆ, 70 ಸೆಕೆಂಡಿಗೊಮ್ಮೆ ದಿಕ್ಕು ಬದಲು. ಒಂದು ಸರದಿಯಲ್ಲಿ ಕೂತ ಮಂಜಿನ ಬಹುಪಾಲನ್ನು ಮುಂದಿನ ಸರದಿಯ ಒಣ ಗಾಳಿ ಎತ್ತಿಕೊಂಡು ಬರುತ್ತದೆ, ತೇವವೂ ಒಳಗೇ ಉಳಿಯುತ್ತದೆ. ಶೇ 70 ಶಾಖ ಉಳಿದರೂ 550 ಇದ್ದದ್ದು 165ಕ್ಕೆ ಇಳಿಯುತ್ತದೆ. ಪೈಪು ಹೊರಕ್ಕೆ ಇಳಿಜಾರಾಗಿರಲಿ.

ಒಳಗೆ ಉರಿಯುವ ಸ್ಟೌ ಕೂಡದು. 1934ರ ಚಳಿಗಾಲದಲ್ಲಿ ರಿಚರ್ಡ್ ಬರ್ಡ್ ಒಬ್ಬರೇ ಇದ್ದ ಅಂಟಾರ್ಕ್ಟಿಕಾದ ಗುಡಿಸಲಿನಲ್ಲಿ ಸ್ಟೌ ಮತ್ತು ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಅವರನ್ನು ಸಾವಿನ ಅಂಚಿಗೆ ತಂದಿತ್ತು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡು ಹಾಕಿದೆ, ಒಂದು ಮಲಗುವ ಎತ್ತರದಲ್ಲಿ.

ಸಣ್ಣ ಸಾಮಾನು

ಪಿವಿಸಿ ಹೊದಿಕೆಯ ವೈರು ಚಳಿಯಲ್ಲಿ ಬಿದಿರು ಕಡ್ಡಿಯಾಗಿ, ಬಗ್ಗಿಸಿದರೆ ಬಿರಿಯುತ್ತದೆ. ಹೊರಗೆ ಸಿಲಿಕೋನ್ ವೈರು. ನೈಲಾನ್ ಟೈ ಪಟಪಟ ಮುರಿದವು, ಬದಲಿಗೆ ಸ್ಟೇನ್‌ಲೆಸ್ ಪಟ್ಟಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ, ಹಾಗಾಗಿ ಬ್ಯಾಟರಿ ಕೋಣೆಯೊಳಗೇ. ಒಣ ಬಂಡೆ, ಒಣ ಹಿಮದಲ್ಲಿ ಇಲ್ಲಿಯ ಹಾಗೆ ಅರ್ಥಿಂಗ್ ಗುಂಡಿ ಸಿಗದು. ಎಲ್ಲ ತಗಡು, ಚೌಕಟ್ಟು, ರ‍್ಯಾಕ್ ಒಂದೇ ತಾಮ್ರದ ಪಟ್ಟಿಗೆ ಸೇರಬೇಕು. ಇಲ್ಲದಿದ್ದರೆ ಒಣ ಗಾಳಿಯಲ್ಲಿ ಮೈಗೆ ಏರಿದ ಸ್ಥಾಯಿ ವಿದ್ಯುತ್ತು ಉಪಕರಣದ ಮೂಲಕ ಇಳಿಯುತ್ತದೆ. ಭೂಕಾಂತ ಅಳೆಯುವ ಕೋಣೆಯಾದರೆ ಈ ವಿನ್ಯಾಸವೇ ಆಗದು, ಅಲ್ಲಿ ಉಕ್ಕು ಇರಬಾರದು. ಮರ, ಹಿತ್ತಾಳೆ, ಅಲ್ಯೂಮಿನಿಯಂ ಮಾತ್ರ.

ಬೆಂಕಿಯ ಬಗ್ಗೆ ಒತ್ತಿ ಹೇಳಬೇಕು. ಫೆಬ್ರವರಿ 2012ರಲ್ಲಿ ಬ್ರೆಜಿಲ್‌ನ ಕಮಾಂಡಾಂಟೆ ಫೆರಾಜ್ ನಿಲ್ದಾಣ ಸುಟ್ಟುಹೋಗಿ ಇಬ್ಬರು ಸತ್ತರು. ಸುತ್ತ ನೀರೆಲ್ಲ ಗಡ್ಡೆಯಾಗಿರುವಾಗ, ಹೊರಗೆ ಓಡಿದರೆ ಚಳಿ ಕೊಲ್ಲುವಾಗ, ಬೆಂಕಿಗಿಂತ ದೊಡ್ಡ ಭಯ ಅಲ್ಲಿಲ್ಲ. ಹೋಗಲಿರುವ ಕೋಣೆಗೆ ಪಫ್ ಬದಲು ಬೆಂಕಿ ಹೆಚ್ಚು ತಡೆಯುವ ಪಿಐಆರ್ (ಪಾಲಿಐಸೊಸಯನ್ಯುರೇಟ್) ನೊರೆಯ ಪ್ಯಾನೆಲ್ ಹಾಕಬೇಕು, ಬೆಲೆ ಏರಿದರೂ ಸರಿ.

ಕೈಗವಸು ಹಾಕಿ ಬಿಚ್ಚಿ ಕಟ್ಟುವುದು

ಕೊನೆಯ ಪರೀಕ್ಷೆ ಇದು. ಉಣ್ಣೆಯ ಗವಸಿನ ಮೇಲೆ ವೆಲ್ಡಿಂಗ್ ಗವಸು ಹಾಕಿಕೊಂಡು ಇಡೀ ಕೋಣೆ ಬಿಚ್ಚಿ ಕಟ್ಟಬೇಕು. ಎಂ-6 ಸ್ಕ್ರೂ ಬೆರಳಿಗೆ ಸಿಗಲೇ ಇಲ್ಲ, ಎಂ-12ಕ್ಕಿಂತ ಚಿಕ್ಕದನ್ನೆಲ್ಲ ತೆಗೆಯಲಾಗಿದೆ. ವಾಷರ್‌ಗಳನ್ನು ಬೋಲ್ಟಿಗೇ ಕಚ್ಚಿಸಿ ಬಿಟ್ಟಿದೆ, ಹಿಮದಲ್ಲಿ ಬಿದ್ದ ವಾಷರ್ ಸಿಗುವುದಿಲ್ಲ. ಸ್ಪ್ಯಾನರ್ ಎರಡೇ ಅಳತೆ. ಬ್ಯೂಟೈಲ್ ಟೇಪ್ ಚಳಿಯಲ್ಲಿ ಅಂಟುವುದಿಲ್ಲ, ಅಂಗಿಯೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡಿ, ತಗಡಿನ ಮಂಜನ್ನು ಒರೆಸಿ, ಹಾಟ್ ಏರ್ ಗನ್ನಿನಲ್ಲಿ ಒಣಗಿಸಿ ಹಚ್ಚಬೇಕು. ಪ್ರತಿ ಪ್ಯಾನೆಲ್‌ಗೆ ಎರಡೂ ಮುಖದಲ್ಲಿ ಅಂಗೈ ಅಗಲದ ಸಂಖ್ಯೆ, ‘ಒಳ’ ‘ಹೊರ’ ಎಂದು ಬಣ್ಣದಲ್ಲಿ ಬರೆದಿದೆ.

ಛಾವಣಿಯ ಎರಡನೆಯ ಪ್ಯಾನೆಲ್‌ನ ಒಂದು ಕ್ಯಾಮ್ ಲಾಕ್ ಗವಸಿನ ಕೈಯಲ್ಲಿ ಇನ್ನೂ ಪೂರ್ತಿ ತಿರುಗುತ್ತಿಲ್ಲ. ಅಲನ್ ಕೀಗೆ 300 ಮಿ.ಮೀ. ಟಿ-ಹಿಡಿ ಬೆಸೆದು, ಮತ್ತೆ ಗೋದಾಮಿಗೆ ಒಯ್ದು ನೋಡುವುದು ಬಾಕಿ ಇದೆ.